ಟೇಲರಮ್ಮ ತನ್ನ ದವಡೆ ತಾನೇ ಕೂಡಿಸಿಕೊಂಡದ್ದು

ನನ್ನ ನಾದಿನಿಗೆ ಐವತ್ತೆಂಟು ವರ್ಷ. ಬೀದಿಯವರೆಲ್ಲ ಅವಳನ್ನು ಟೇಲರಮ್ಮ ಎನ್ನುತ್ತಾರೆ. ಬೀದಿ ತಿರುಗುವ ಕಡೆ ಮುಂದೆ ಅವಳ ಅಂಗಡಿ, ಹಿಂದೆ ಅವಳ ಕೋಣೆ, ಮೇಲೆ ನನ್ನ ಕೋಣೆ. ನನ್ನ ಗಂಡ ಅವಳ ಎರಡನೇ ಅಣ್ಣ. ಅವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಅಂದಿನಿಂದ ನಮ್ಮಿಬ್ಬರದೂ ಒಂದೇ ಒಲೆ. ಅವಳು ಮದುವೆಯಾಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, “ಅಳತೆಗೆ ಸರಿಯಾಗಿ ಯಾರೂ ಬರಲಿಲ್ಲ. ಬಂದವರನ್ನ ಬಿಚ್ಚಿ ಹೊಲಿಯೋಕೆ ನನಗೆ ಪುರುಸೊತ್ತಿರಲಿಲ್ಲ” ಎಂದು ನಗುತ್ತಾಳೆ.

ಹದಿನಾಲ್ಕನೇ ವಯಸ್ಸಿಗೆ ಹೊಲಿಗೆ ಕಲಿತವಳು. ಅವಳು ಕೆಲಸ ಮಾಡುವುದು ಅರ್ಧ ಕೈಯಲ್ಲಿ, ಅರ್ಧ ಬಾಯಲ್ಲಿ. ಬಟ್ಟೆಗೆ ಚುಚ್ಚುವ ಗುಂಡುಸೂಜಿಗಳನ್ನು ತುಟಿಗಳ ನಡುವೆ ಸಾಲಾಗಿ ಇಟ್ಟುಕೊಳ್ಳುತ್ತಾಳೆ. ನಾನು ಎಣಿಸಿದ್ದೇನೆ, ಒಮ್ಮೊಮ್ಮೆ ಒಂಬತ್ತು ಇರುತ್ತವೆ. ಒಂಬತ್ತು ಸೂಜಿ ಇಟ್ಟುಕೊಂಡೇ ಗಿರಾಕಿಯ ಜೊತೆ ಮಾತನಾಡುತ್ತಾಳೆ, ಒಂದೂ ಬೀಳುವುದಿಲ್ಲ. ಹೊಲಿಗೆ ಮುಗಿದ ಕೂಡಲೇ ಬಟ್ಟೆಯನ್ನು ಮುಖದ ಹತ್ತಿರ ತಂದು ದಾರವನ್ನು ಹಲ್ಲಿನಲ್ಲಿ ಟಕ್ಕೆಂದು ಕಡಿಯುತ್ತಾಳೆ. ಕತ್ತರಿ ಪಕ್ಕದಲ್ಲೇ ಇರುತ್ತದೆ. ಅದನ್ನು ತೆಗೆದುಕೊಳ್ಳುವ ಹೊತ್ತಿಗೆ ಇನ್ನೊಂದು ಹೊಲಿಗೆ ಆಗುತ್ತದೆ ಎನ್ನುವುದು ಅವಳ ಲೆಕ್ಕ. ನಲವತ್ತನಾಲ್ಕು ವರ್ಷ ಕಡಿದು ಕಡಿದು ಮೇಲಿನ ಸಾಲಿನ ಮುಂದಿನ ಹಲ್ಲಿನ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಬಿದ್ದಿದೆ.

ಹೋದ ವರ್ಷ ಒಂದು ಮಂಗಳವಾರ ಬೆಳಿಗ್ಗೆ ಅಂಗಡಿಯ ನೆಲಕ್ಕೆ ಸೋಪಿನ ನೀರು ಹಾಕಿ ಉಜ್ಜುತ್ತಿದ್ದಳು. ಯಾರೋ ಬಾಗಿಲಲ್ಲಿ ಕರೆದರು. ತಿರುಗಿದಳು, ಕಾಲು ಜಾರಿತು. ಬಟ್ಟೆ ಕತ್ತರಿಸುವ ಮೇಜಿನ ಅಂಚಿಗೆ ಕಬ್ಬಿಣದ ಪಟ್ಟಿ ಇದೆ, ಗದ್ದ ಅದಕ್ಕೇ ಬಡಿಯಿತು. ಸದ್ದು ನನಗೆ ಮೇಲಿನವರೆಗೆ ಕೇಳಿಸಿತು. ಮೇಜು ಮುರಿಯಿತು ಅಂದುಕೊಂಡು ಇಳಿದು ಬಂದೆ. ಮೇಜು ಗಟ್ಟಿಯಾಗಿಯೇ ಇತ್ತು. ಅವಳು ನೆಲದ ಮೇಲೆ ಕುಳಿತು, ಕೈಗೆ ಸಿಕ್ಕ ಅಸ್ತರಿನ ಬಟ್ಟೆಯನ್ನು ಗದ್ದದ ಕೆಳಗಿನಿಂದ ತಂದು ನೆತ್ತಿಯ ಮೇಲೆ ಗಂಟು ಹಾಕಿಕೊಳ್ಳುತ್ತಿದ್ದಳು. ಕಣ್ಣಲ್ಲಿ ನೀರು, ಕೈಯಲ್ಲಿ ಗಂಟು. ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ಕೂಡುತ್ತಿಲ್ಲ ಎಂದು ಬೆರಳಲ್ಲಿ ತೋರಿಸಿದಳು. ಗಾಬರಿಯಾದವಳು ನಾನು.

ಆಸ್ಪತ್ರೆಯಲ್ಲಿ ದವಡೆಯ ಡಾಕ್ಟರು ಒಬ್ಬಳು ಹೆಣ್ಣುಮಗಳು. ಬಾಯಿ ನೋಡಿದವಳೇ, “ನೀವು ಬಟ್ಟೆ ಹೊಲಿತೀರಾ?” ಎಂದಳು. ಹಲ್ಲಿನ ಕಚ್ಚು ನೋಡಿ ಕಂಡುಹಿಡಿದಿದ್ದಳು. ಎಕ್ಸ್‌ರೇ ತೆಗೆದು ನಮ್ಮಿಬ್ಬರಿಗೂ ತೋರಿಸಿದಳು. ಕೆಳದವಡೆ ಎಡಗಡೆ ಒಂದೇ ಕಡೆ ಮುರಿದಿತ್ತು, ಹೆಚ್ಚು ಜರುಗಿರಲಿಲ್ಲ.

“ಎರಡು ದಾರಿ ಇದೆ. ಒಳಗೆ ಕೊಯ್ದು ತಗಡು ಕೂರಿಸಬಹುದು. ಇಲ್ಲಾಂದ್ರೆ ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿಸಿ ತಂತಿ ಕಟ್ತೀನಿ. ಆರು ವಾರ ಬಾಯಿ ತೆರೆಯೋ ಹಾಗಿಲ್ಲ, ಬರೀ ನೀರಿನಂಥ ಊಟ. ಮೂಳೆ ತಾನಾಗೇ ಕೂಡುತ್ತೆ. ಆದರೆ ಜಾಗ್ರತೆಯೆಲ್ಲ ನಿಮ್ಮದು. ಅಲುಗಾಡಿಸಿದ್ರೆ ಸೊಟ್ಟಗೆ ಕೂಡುತ್ತೆ, ಆಮೇಲೆ ಮತ್ತೆ ಬಿಡಿಸಿ ಆಪರೇಷನ್ ಮಾಡಬೇಕು.”

ನಾದಿನಿ ಚೀಲದಿಂದ ಗುರುತು ಹಾಕುವ ಸೀಮೆಸುಣ್ಣ ತೆಗೆದು ತನ್ನ ಕಪ್ಪು ಚೀಲದ ಮೇಲೆ ಬರೆದಳು: ತಂತಿ.

ಮರುದಿನ ತಂತಿ ಕಟ್ಟಿದರು. ಅದು ಬುಧವಾರ. ನಾನು ಅಂದಿನಿಂದ ದಿನ ಎಣಿಸಿದ್ದೇನೆ.

ಮೂರನೇ ದಿನ ಅವಳ ದೊಡ್ಡಣ್ಣ ಬಂದರು. ನನಗೆ ಭಾವ. ಮೂವತ್ತೈದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಬಸ್ಸಿನಲ್ಲಿ ಹಿಂದೆ ಸರಿಯಿರಿ ಎಂದು ಹೇಳಿ ಹೇಳಿ ಮನೆಯಲ್ಲೂ ಅದೇ ದನಿ. ತಂಗಿಯ ಊದಿದ ಕೆನ್ನೆ ನೋಡಿ ಕುರ್ಚಿಯ ತುದಿಯಲ್ಲಿ ಕುಳಿತರು.

“ಸಾಕು ಕಣೇ. ಅಂಗಡಿ ಮುಚ್ಚು, ನಮ್ಮ ಮನೆಗೆ ಬಂದುಬಿಡು. ಒಂದು ಕೋಣೆ ಖಾಲಿ ಇದೆ. ಅತ್ತಿಗೇನೂ ಕರ್ಕೊಂಡು ಬಾ.”

ಅವಳು ತಲೆ ಅಡ್ಡಡ್ಡ ಆಡಿಸಿದಳು.

“ಏನು ತಲೆ ಆಡಿಸ್ತೀಯ? ಇವತ್ತು ದವಡೆ, ನಾಳೆ ಸೊಂಟ. ಇಲ್ಲಿ ಇಬ್ಬರು ಮುದುಕೀರು. ಒಬ್ಬಳು ಬಿದ್ರೆ ಇನ್ನೊಬ್ಬಳು ಎತ್ತೋಕೆ ಹೋಗಿ ಅವಳೂ ಬೀಳ್ತಾಳೆ. ಅಲ್ಲದೆ ಆರು ವಾರ ನೀನು ಬಾಯಿ ಮುಚ್ಕೊಂಡಿರ್ತೀಯಾ? ಹುಟ್ಟಿದ ದಿವಸ ಬಿಟ್ಟ ಬಾಯಿ, ಇನ್ನೂ ಮುಚ್ಚಿಲ್ಲ.”

ಅವಳು ಕಪ್ಪು ಬಟ್ಟೆಯ ತುಂಡು ಎಳೆದುಕೊಂಡು ಬರೆದಳು. ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಅಳಿಸಿ ಇನ್ನೊಂದು ಬರೆದಿದ್ದಳು. ಭಾವ ಗಟ್ಟಿಯಾಗಿ ಓದಿದರು. “‘ನನ್ನ ದವಡೆ ನಾನು ನೋಡ್ಕೋತೀನಿ. ಕೂಡದಿದ್ರೆ ಬರ್ತೀನಿ.’ ಮಾತು ಕೊಟ್ಟ ಹಾಗೇನಾ?”

ಅವಳು ಕೈ ಮುಂದೆ ಚಾಚಿದಳು. ಭಾವ ಕೈಗೆ ಕೈ ಹೊಡೆದರು. ಮೂಳೆ ನೆಟ್ಟಗೆ ಕೂಡಿದರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಭಾವನ ಮನೆಯ ಖಾಲಿ ಕೋಣೆ. ಆ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಅಂಗಡಿ ಇಟ್ಟಾಗಿನಿಂದ ಮೂವತ್ತೊಂದು ವರ್ಷ ತನ್ನ ಬಾಗಿಲಿಗೆ ತಾನೇ ಚಿಲಕ ಹಾಕಿಕೊಂಡವಳು, ಇನ್ನೊಬ್ಬರು ದೀಪ ಆರಿಸಿದಾಗ ಮಲಗಬೇಕು ಎಂದರೆ ಕಷ್ಟವೇ.

ಅವಳು ತನ್ನನ್ನು ನೋಡಿಕೊಂಡ ರೀತಿಯನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾದೀತು.

ಮೊದಲ ಎರಡು ದಿನ ಐಸನ್ನು ಬಟ್ಟೆಯಲ್ಲಿ ಸುತ್ತಿ ಕೆನ್ನೆಗೆ ಇಪ್ಪತ್ತು ನಿಮಿಷ ಇಡುವುದು, ತೆಗೆಯುವುದು, ಮತ್ತೆ ಇಡುವುದು. ಮಲಗುವಾಗ ತಲೆ ಎತ್ತರದಲ್ಲಿರಬೇಕು ಎಂದಿದ್ದರು. ನಾಲ್ಕು ದಿಂಬು ಇಟ್ಟರೂ ಜಾರುತ್ತಿದ್ದವು. ಅವಳು ಅಂಗಡಿಯ ಚಿಂದಿಯನ್ನೆಲ್ಲ ಸೇರಿಸಿ ಇಳಿಜಾರಿನ ಹಾಗೆ ಒಂದು ದಿಂಬು ಹೊಲಿದಳು, ಎರಡೂ ಪಕ್ಕಕ್ಕೆ ತಲೆ ಹೊರಳದಂತೆ ಉರುಟು ದಿಂಬು ಜೋಡಿಸಿದಳು. ಅದರಲ್ಲಿ ಅಂಗಾತ ಮಲಗಿದರೆ ಬೆಳಗಿನವರೆಗೆ ಮುಖ ಚಾವಣಿಯ ಕಡೆಗೇ ಇರುತ್ತಿತ್ತು. ಆಕಳಿಕೆ ಬಂದರೆ ಗದ್ದದ ಕೆಳಗೆ ಮುಷ್ಟಿ ಒತ್ತಿ ಹಿಡಿಯುತ್ತಿದ್ದಳು. ಆಕಳಿಕೆ ಮೂಗಿನಿಂದ ಹೊರಗೆ ಹೋಗುತ್ತಿತ್ತು, ನೋಡಿದವರಿಗೆ ನಗು.

ಡಾಕ್ಟರಮ್ಮ ತಂತಿ ಕತ್ತರಿಸುವ ಒಂದು ಇಕ್ಕಳ ಕೊಟ್ಟಿದ್ದಳು. ವಾಂತಿ ಬಂದು ಉಸಿರು ಕಟ್ಟಿದರೆ ತಡಮಾಡದೆ ತಂತಿ ಕತ್ತರಿಸಬೇಕು ಎಂದು ಹೇಳಿ, ಯಾವ ತಂತಿ, ಎಲ್ಲಿ ಎಂದು ಇಬ್ಬರಿಗೂ ಕನ್ನಡಿ ಹಿಡಿದು ತೋರಿಸಿದ್ದಳು. ನಾದಿನಿ ಅಳತೆ ಟೇಪು ಕೊರಳಿಂದ ತೆಗೆದು ಆ ಜಾಗಕ್ಕೆ ಇಕ್ಕಳವನ್ನು ಲಾಡಿಯಲ್ಲಿ ಕಟ್ಟಿ ಹಾಕಿಕೊಂಡಳು. ಸ್ನಾನದ ಮನೆಗೂ ಅದರ ಜೊತೆಗೇ ಹೋಗುತ್ತಿದ್ದಳು. ದೇವರ ದಯೆ, ಅದಕ್ಕೆ ಕೆಲಸ ಬೀಳಲಿಲ್ಲ.

ಊಟ ಎಂದರೆ ಗಂಜಿ, ಹಾಲು, ಬೇಯಿಸಿ ಅರೆದ ತರಕಾರಿ, ಬೇಳೆಯ ಕಟ್ಟು, ಹಣ್ಣಿನ ರಸ. ಎಲ್ಲವನ್ನೂ ನಾನು ಅರೆದು ಎರಡು ಸಲ ತೆಳು ಬಟ್ಟೆಯಲ್ಲಿ ಸೋಸುತ್ತಿದ್ದೆ. ಒಂದು ಕಾಳಿನ ಸಿಪ್ಪೆ ಉಳಿದರೂ ತಂತಿಗೆ ಸಿಕ್ಕಿಕೊಳ್ಳುತ್ತದೆ. ಸೂಜಿಯಿಲ್ಲದ ದೊಡ್ಡ ಸಿರಿಂಜಿಗೆ ಒಂದು ಗೇಣು ರಬ್ಬರ್ ಕೊಳವೆ ಸಿಕ್ಕಿಸಿ, ಕೆನ್ನೆಯ ಒಳಗೆ ಕಡೆಯ ಹಲ್ಲಿನ ಹಿಂದಿನ ಸಂದಿಗೆ ಹಾಕಿಕೊಂಡು ನಿಧಾನವಾಗಿ ಒತ್ತುತ್ತಿದ್ದಳು. ಪ್ರತಿ ಸಲ ತಿಂದ ಮೇಲೆ ಉಪ್ಪುನೀರು ಮುಕ್ಕಳಿಸಿ, ಮಕ್ಕಳ ಬ್ರಷ್ಷಿನಲ್ಲಿ ಹಲ್ಲಿನ ಹೊರಬದಿ ಉಜ್ಜಿ, ಕನ್ನಡಿಯಲ್ಲಿ ಸಂದಿ ಸಂದಿ ನೋಡುತ್ತಿದ್ದಳು. ತುಟಿಗೆ ವ್ಯಾಸಲೀನು. ತಂತಿಯ ತುದಿ ಕೆನ್ನೆಗೆ ಚುಚ್ಚಿದರೆ ಡಾಕ್ಟರಮ್ಮ ಕೊಟ್ಟ ಮೇಣವನ್ನು ಚಿಟಿಕೆ ಉರುಳಿಸಿ ಒತ್ತುವುದು. ದಾರಕ್ಕೆ ಮೇಣ ಹಚ್ಚಿ ಪಳಗಿದ ಕೈ, ಅದನ್ನು ಕಲಿಸಬೇಕಾಗಲಿಲ್ಲ.

ಒಂದು ವಾರದ ಮೇಲೆ ಮಾತು ಶುರುವಾಯಿತು. ಹಲ್ಲು ಕಚ್ಚಿಕೊಂಡೇ, ಬರೀ ತುಟಿಯಲ್ಲಿ. ಮೊದಲು ನನಗೆ ಮಾತ್ರ ಅರ್ಥವಾಗುತ್ತಿತ್ತು. ಅಂಗಡಿಯನ್ನೂ ತೆರೆದಳು. ಪಕ್ಕದ ಕ್ಷೌರದಂಗಡಿಯವನು ಇಣುಕಿ ನೋಡಿದ.

“ಏನ್ ಟೇಲರಮ್ಮ, ಹೆಂಗಿದೀರಿ? ಇಷ್ಟು ವರ್ಷದಲ್ಲಿ ಇದೇ ಮೊದಲು, ನನ್ನ ರೇಡಿಯೋ ನನಗೇ ಕೇಳಿಸ್ತಿದೆ!”

“ಕೇಳ್ಕೋ ಕೇಳ್ಕೋ. ಆರು ವಾರ ಆದಮೇಲೆ ಬಡ್ಡಿ ಸಮೇತ ಮಾತಾಡ್ತೀನಿ” ಎಂದಳು. ಅವನಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. “ಅಯ್ಯೋ, ಹಾಗಾದ್ರೆ ನಾನು ಅಂಗಡಿ ಬದಲಾಯಿಸ್ತೀನಿ” ಎಂದು ನಗುತ್ತಾ ಹೋದ.

ಗುಂಡುಸೂಜಿಗಳನ್ನು ಬಾಯಿಗೆ ಹಾಕುವ ಹಾಗಿರಲಿಲ್ಲ. ಮಣಿಕಟ್ಟಿಗೆ ಕಟ್ಟುವ ಸಣ್ಣ ದಿಂಬೊಂದನ್ನು ಹೊಲಿದು ಸೂಜಿಗಳನ್ನೆಲ್ಲ ಅದಕ್ಕೆ ಚುಚ್ಚಿಕೊಂಡಳು. ಕತ್ತರಿಯನ್ನು ಲಾಡಿಯಲ್ಲಿ ಮಿಷನ್ನಿಗೆ ಕಟ್ಟಿದಳು. ಹದಿಮೂರನೇ ದಿನ ಟೇಪು ತೆಗೆದು ಸೊಂಟ ಅಳೆದುಕೊಂಡಳು. ಎರಡು ಇಂಚು ಇಳಿದಿತ್ತು.

“ಅತ್ತಿಗೆ, ಇದು ಸರಿಯಿಲ್ಲ. ಮೂಳೆ ಕೂಡೋಕೆ ಮೈಯಲ್ಲಿ ಏನಾದ್ರೂ ಇರಬೇಕಲ್ಲ.”

“ಐದು ಸಲ ಕೊಡ್ತಿದೀನಲ್ಲೇ.”

“ಎಂಟು ಸಲ ಕೊಡಿ. ಎರಡು ಗಂಟೆಗೊಂದು ಸಲ. ಹಸಿವಿಲ್ಲ ಅಂದ್ರೂ ಬಿಡಬೇಡಿ, ಬೈರಿ.”

“ನಿನ್ನನ್ನು ಬೈಯೋ ಇಂಥ ಅವಕಾಶ ಮತ್ತೆ ಸಿಗುತ್ತಾ? ತಿರುಗಿ ಬೈಯೋಕೂ ನಿನಗಾಗಲ್ಲ” ಎಂದೆ. ತುಟಿ ಮಾತ್ರ ಅಗಲಿಸಿ ನಕ್ಕಳು. ಗಂಜಿಗೆ ಹಾಲಿನ ಪುಡಿ ಸೇರಿಸಿದೆ, ಬೆಣ್ಣೆ ಕರಗಿಸಿ ಹಾಕಿದೆ. ಮುಂದಿನ ವಾರ ಅಳೆದಾಗ ಅಷ್ಟೇ ಇತ್ತು, ಇಳಿದಿರಲಿಲ್ಲ.

ಹೀಗೆ ಇಪ್ಪತ್ತೈದು ದಿನ ಒಂದು ಹೊಲಿಗೆಯೂ ತಪ್ಪಲಿಲ್ಲ. ಇಪ್ಪತ್ತಾರನೇ ದಿನ ತಪ್ಪಿತು.

ಅಂದು ಭಾನುವಾರ, ಮಧ್ಯಾಹ್ನ. ಸಂಜೆ ಭಾವ ನೋಡಲು ಬರುವವರಿದ್ದರು. ಆಸ್ಪತ್ರೆಯ ದಾದಿಯೊಬ್ಬಳ ಬಿಳಿ ಕೋಟಿನ ತೋಳು ಹೊಲಿಯುತ್ತಿದ್ದಳು. ನಾನು ಎದುರಿಗೆ ಕುಳಿತು ಗುಂಡಿ ಹಾಕುತ್ತಿದ್ದೆ. ಹೊಲಿಗೆ ಮುಗಿಯಿತು. ಅವಳ ಕಣ್ಣು ಆಗಲೇ ಮುಂದಿನ ತೋಳಿನ ಮೇಲಿತ್ತು. ಕೈ ಬಟ್ಟೆಯನ್ನು ಮೇಲೆತ್ತಿತು, ತಲೆ ಬಾಗಿತು, ದಾರ ಹಲ್ಲಿನ ಸಂದಿಗೆ ಹೋಯಿತು. ಹುಟ್ಟುಗುಣ ಅನ್ನುತ್ತಾರಲ್ಲ, ಇದು ಹುಟ್ಟುಗುಣವೂ ಅಲ್ಲ, ಅದಕ್ಕಿಂತ ಗಟ್ಟಿಯಾದ ಕಸುಬಿನ ಗುಣ. ಜಗ್ಗಿದಳು. ದಾರ ಕಡಿಯಲಿಲ್ಲ. ತಂತಿಯ ಗಂಟಿಗೆ ಸುತ್ತಿಕೊಂಡು ದವಡೆಯನ್ನೇ ಜಗ್ಗಿತು. ಟಿಣ್ ಎಂದು ಸಣ್ಣ ಸದ್ದು.

ಅವಳು ಕಲ್ಲಿನಂತೆ ಕುಳಿತಳು. ನಾನು ಎದ್ದು ಬಂದೆ. ದಾರವನ್ನು ಎಳೆಯಬೇಡ ಎಂದು ಕೈ ಅಡ್ಡ ಹಿಡಿದಳು. ತಾನೇ ಕತ್ತರಿ ತೆಗೆದುಕೊಂಡು ತುಟಿಯ ಹತ್ತಿರ ದಾರ ಕತ್ತರಿಸಿ ಬಟ್ಟೆಯನ್ನು ಬೇರೆ ಮಾಡಿದಳು. ಕನ್ನಡಿಯಲ್ಲಿ ನೋಡಿಕೊಂಡಳು. ಎಡಗಡೆಯ ಒಂದು ತಂತಿ ಬಿಚ್ಚಿಕೊಂಡು ಹೊರಗೆ ಚಾಚಿತ್ತು. ನಾಲಿಗೆಯಿಂದ ತಳ್ಳಿದಾಗ ದವಡೆ ಅಕ್ಕಿಕಾಳಿನಷ್ಟು ಅಲುಗಿತು.

ಆಗ ನಾನು ಆಡಿದ ಮಾತಿಗೆ ಈಗ ನನಗೇ ನಾಚಿಕೆ. “ಸಂಜೆ ಭಾವ ಬಂದು ಹೋಗಲಿ. ಅಲ್ಲೀವರೆಗೆ ಮೇಣ ಒತ್ತಿ ಮುಚ್ಚಿಟ್ಕೋ. ನಾಳೆ ಬೆಳಿಗ್ಗೆ ಹೋಗೋಣ. ಅವರಿಗೆ ಗೊತ್ತಾದ್ರೆ ಇವತ್ತೇ ಗಂಟುಮೂಟೆ ಕಟ್ಟಿಸ್ತಾರೆ.”

ಅವಳು ಮೇಣದ ಕಡೆ ನೋಡಿದಳು. ಅವಳಿಗೂ ಆ ಆಸೆ ಇರಲಿಲ್ಲ ಅಂತ ನಾನು ಹೇಳಲಾರೆ. ಆಮೇಲೆ ಕೋಟನ್ನು ನೀಟಾಗಿ ಮಡಿಸಿಟ್ಟಳು.

“ಬೇಡ ಅತ್ತಿಗೆ. ಹೊಲಿಗೆ ಬಿಟ್ಟಿದ್ರೆ ಬಿಟ್ಟಿದೆ ಅನ್ನಬೇಕು. ಇಸ್ತ್ರಿ ಹಾಕಿ ಮುಚ್ಚಿದ್ರೆ ಮೊದಲನೇ ಒಗೆತಕ್ಕೇ ಬಾಯಿ ಬಿಡುತ್ತೆ. ಒಂದು ರಾತ್ರಿ ಅಲುಗಾಡಿದ್ರೆ ಇಪ್ಪತ್ತಾರು ದಿನ ಮಣ್ಣುಪಾಲು. ನಡೀರಿ ಈಗಲೇ.”

ಗದ್ದಕ್ಕೆ ಬಟ್ಟೆಯ ಪಟ್ಟಿ ಕಟ್ಟಿಕೊಂಡಳು. ಬಾಗಿಲಿಗೆ ಬೀಗ ಹಾಕಿ ನಡೆದೇ ಹೋದೆವು. ಆಟೋ ಕುಲುಕುತ್ತದೆ ಎಂದು ಅವಳೇ ಬೇಡ ಎಂದಳು. ನಿಧಾನವಾಗಿ ನಡೆದು ನಲವತ್ತು ನಿಮಿಷ ಹಿಡಿಯಿತು.

ಭಾನುವಾರವಾದರೂ ಡಾಕ್ಟರಮ್ಮನನ್ನು ಕರೆಸಿದರು. ಬಂದು ನೋಡಿದಳು, ತಂತಿಗೆ ಸುತ್ತಿಕೊಂಡಿದ್ದ ಬಿಳಿ ದಾರವನ್ನು ಚಿಮಟದಲ್ಲಿ ಬಿಡಿಸಿ ತೆಗೆದಳು.

“ಇದೇನಮ್ಮ ಇದು? ದಾರ ಕಡಿಯೋಕೆ ಹೋದ್ರಾ?”

“ಹೂಂ. ನಾನು ಹೋಗಲಿಲ್ಲ, ತಲೆ ತಾನೇ ಹೋಯ್ತು” ಎಂದಳು ನಾದಿನಿ.

“ತಲೆಗೆ ಹೇಳಿಡಿ. ಪುಣ್ಯಕ್ಕೆ ಕೂಡಲೇ ಬಂದ್ರಿ. ಮೂಳೆ ಸರಿಯಾದ ಜಾಗದಲ್ಲೇ ಇದೆ, ಆದರೆ ಎಳೇದು. ಹೊಸ ತಂತಿ ಹಾಕಿ ಬಿಗಿ ಮಾಡ್ತೀನಿ. ಆರು ವಾರದ ಮೇಲೆ ಇನ್ನು ಹತ್ತು ದಿನ ಹೆಚ್ಚಿಗೆ.”

ನಾವು ಮನೆಗೆ ಬಂದಾಗ ಭಾವ ಬಾಗಿಲಲ್ಲಿ ನಿಂತಿದ್ದರು. ಬೀಗ ನೋಡಿ ಕೋಪ ಬಂದಿತ್ತು. ಎಲ್ಲಿಗೆ ಹೋಗಿದ್ರಿ ಎಂದು ಕೇಳುವ ಮೊದಲೇ ಅವಳು ನಡೆದದ್ದನ್ನೆಲ್ಲ ಹೇಳಿದಳು. ನಾನು ಒಂದು ಅಕ್ಷರವನ್ನೂ ಬಿಡಿಸಿ ಹೇಳಬೇಕಾಗಲಿಲ್ಲ, ಅಷ್ಟು ಸ್ಪಷ್ಟವಾಗಿ ಹೇಳಿದಳು.

“ನೋಡಿದ್ಯಾ? ನಾನು ಹೇಳಲಿಲ್ವಾ?” ಎಂದರು ಭಾವ. “ಆರು ವಾರ ಅಂತ ಮಾತಾಗಿತ್ತು.”

“ಆರು ವಾರ ಅಂದಿದ್ದು ಡಾಕ್ಟರು. ನಾನು ಅಂದಿದ್ದು ಮೂಳೆ ಕೂಡದಿದ್ರೆ ಬರ್ತೀನಿ ಅಂತ. ಕೂಡಿಲ್ಲ ಅಂತ ಯಾರೂ ಹೇಳಿಲ್ಲ.”

“ಮಾತಲ್ಲಿ ನಿನ್ನನ್ನು ಗೆಲ್ಲೋಕಾಗುತ್ತಾ? ಬಾಯಿ ಕಟ್ಟಿದ್ರೂ ಹೀಗೆ!”

“ಕಟ್ಟಿರೋದು ಹಲ್ಲು ಅಣ್ಣ, ಬಾಯಲ್ಲ.”

ಭಾವ ಚಪ್ಪಲಿ ಮೆಟ್ಟಿಕೊಂಡರು. “ನಾನು ಆ ಕೋಣೆಗೆ ಸುಣ್ಣ ಹೊಡೆಸ್ತಾ ಇದೀನಿ. ತಂತಿ ಬಿಚ್ಚೋ ದಿನ ನಾನೇ ಆಸ್ಪತ್ರೆಗೆ ಬರ್ತೀನಿ, ಡಾಕ್ಟರ ಬಾಯಿಂದಲೇ ಕೇಳ್ತೀನಿ” ಎಂದು ಹೊರಟರು.

ಮಾರನೆಯ ದಿನ ಬೆಳಿಗ್ಗೆ ಮಿಷನ್ನಿಗೆ ಕುಳಿತಾಗ ಅವಳ ಬಾಯಿಗೆ ಒಂದು ಬಟ್ಟೆಯ ಮುಸುಕು ಇತ್ತು, ಕಿವಿಗೆ ಲಾಡಿ ಸಿಕ್ಕಿಸುವಂಥದ್ದು. ದಪ್ಪ ಜೀನ್ಸ್ ಬಟ್ಟೆಯಲ್ಲಿ ಮೂಗು ಬಿಟ್ಟು ಬಾಯಿ ಮಾತ್ರ ಮುಚ್ಚುವ ಹಾಗೆ ಹೊಲಿದುಕೊಂಡಿದ್ದಳು. ತಲೆ ಬಾಗಿದರೂ ದಾರ ಹಲ್ಲಿಗೆ ಹೋಗಬಾರದಲ್ಲ. ಉಸಿರಿಗೆ ಮೂಗು ಇದೆ, ಬಿಚ್ಚಲು ಒಂದು ಎಳೆತ ಸಾಕು. ಆ ದಿನ ನಾನು ಎಣಿಸಿದೆ. ತಲೆ ಹದಿನೇಳು ಸಲ ಬಾಗಿತು, ಹದಿನೇಳು ಸಲವೂ ದಾರ ಜೀನ್ಸಿಗೆ ತಾಗಿ ಅವಳೇ ಬೆಚ್ಚಿ ಕತ್ತರಿ ತೆಗೆದುಕೊಂಡಳು. ಮರುದಿನ ಹನ್ನೊಂದು. ಒಂದು ವಾರಕ್ಕೆ ಎರಡಕ್ಕೆ ಬಂತು. ಹದಿನೈದನೇ ದಿನ ಒಂದೂ ಇರಲಿಲ್ಲ. ಆದರೂ ಅವಳು ಮುಸುಕು ತೆಗೆಯಲಿಲ್ಲ.

ಐವತ್ತೆರಡನೇ ದಿನ ಆಸ್ಪತ್ರೆಗೆ ಹೋದೆವು. ಭಾವ ನಮಗಿಂತ ಮೊದಲೇ ಬಂದು ಬೆಂಚಿನ ಮೇಲೆ ಕುಳಿತಿದ್ದರು. ಒಳಗೆ ಮೂವರೂ ಹೋದೆವು. ಡಾಕ್ಟರಮ್ಮ ಮೇಲಿನ ಕೆಳಗಿನ ಹಲ್ಲನ್ನು ಸೇರಿಸಿದ್ದ ತಂತಿಗಳನ್ನು ಒಂದೊಂದಾಗಿ ಕತ್ತರಿಸಿ ತಟ್ಟೆಗೆ ಹಾಕಿದಳು. ನಾನು ಒಂಬತ್ತು ಎಣಿಸಿದೆ. ಆಮೇಲೆ ದವಡೆಯ ಎರಡು ಕಡೆ ಹೆಬ್ಬೆರಳಿಟ್ಟು ಒತ್ತಿದಳು, ಪಕ್ಕಕ್ಕೆ ತಳ್ಳಿ ನೋಡಿದಳು. ನಾದಿನಿಯ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು.

“ಅಲುಗಾಡ್ತಾ ಇಲ್ಲ. ಹಲ್ಲು ಕಚ್ಚಿ ನೋಡಿ. ಮೊದಲಿನ ಹಾಗೆ ಕೂಡುತ್ತಾ?”

ಅವಳು ನಿಧಾನವಾಗಿ ಕಚ್ಚಿದಳು. ತಲೆಯಾಡಿಸಿದಳು.

ಎಕ್ಸ್‌ರೇಯಲ್ಲಿ ಬಿರುಕಿನ ಜಾಗದಲ್ಲಿ ಮಂಜಿನಂತೆ ಬೆಳ್ಳಗೆ ಕಾಣುತ್ತಿತ್ತು. ಹೊಸ ಮೂಳೆ ಎಂದಳು ಡಾಕ್ಟರಮ್ಮ.

“ನೆಟ್ಟಗೆ ಕೂಡಿದೆಯಾ?” ಭಾವನೇ ಕೇಳಿದರು.

“ಕೂಡಿದೆ. ಆದರೆ ಕೆಲಸ ಮುಗಿದಿಲ್ಲ. ಕೆಲವು ವಾರ ರಬ್ಬರ್ ಬ್ಯಾಂಡು, ಮೆತ್ತಗಿನ ಊಟ. ಬಾಯಿ ತೆರೆಯೋ ವ್ಯಾಯಾಮ ಮಾಡಬೇಕು, ಈಗ ಒಂದು ಬೆರಳಷ್ಟು ತೆರೆಯುತ್ತೆ, ಮೂರು ಬೆರಳಿಗೆ ಬರಬೇಕು. ಯಾರು ನೋಡ್ಕೊಂಡಿದ್ದು ಇವರನ್ನ?”

ಭಾವ ನನ್ನನ್ನು ನೋಡಿದರು. ನಾನು ನಾದಿನಿಯನ್ನು ನೋಡಿದೆ. ಅವಳು ತಟ್ಟೆಯಲ್ಲಿದ್ದ ತಂತಿಯ ತುಣುಕುಗಳನ್ನು ನೋಡುತ್ತಿದ್ದಳು.

“ಅವಳೇ” ಎಂದರು ಭಾವ.

ಅಂದು ಮಧ್ಯಾಹ್ನ ಅವರು ನಮ್ಮಲ್ಲಿಗೇ ಬಂದರು. ನಾನು ಅನ್ನವನ್ನು ಮುದ್ದೆಯಾಗುವಷ್ಟು ಬೇಯಿಸಿ, ಬೇಳೆಯ ಜೊತೆ ಮೆತ್ತಗೆ ಕಲಸಿ ಕೊಟ್ಟೆ. ಐವತ್ತೆರಡು ದಿನದ ಮೇಲೆ ಅವಳ ಮುಂದೆ ತಟ್ಟೆ. ಚಮಚ ಬಾಯಿಗೆ ಹೋಗುವಷ್ಟು ಬಾಯಿ ತೆರೆಯಲಿಲ್ಲ. ಉಪ್ಪು ಹಾಕುವ ಸಣ್ಣ ಚಮಚ ತಂದುಕೊಟ್ಟೆ. ಕಾಲು ಚಮಚ ತೆಗೆದುಕೊಂಡು, ಒಳಗೆ ತಳ್ಳಿ, ದವಡೆಯನ್ನು ಮೆಲ್ಲಗೆ ಆಡಿಸಿದಳು. ನಿಲ್ಲಿಸಿದಳು. ಕೆನ್ನೆಯ ಮೇಲೆ ಬೆರಳಿಟ್ಟು ನೋಡಿಕೊಂಡು ಮತ್ತೆ ಆಡಿಸಿದಳು. ಭಾವ ಎದುರು ಕುಳಿತಿದ್ದರು. ಅವರ ತಟ್ಟೆ ಹತ್ತು ನಿಮಿಷದಲ್ಲಿ ಖಾಲಿಯಾಯಿತು, ಕೈ ಒಣಗಿತು, ಏಳಲಿಲ್ಲ. ಅವಸರಪಡಿಸಲೂ ಇಲ್ಲ. ಅವಳು ಊಟ ಮುಗಿಸಲು ಐವತ್ತು ನಿಮಿಷ ಹಿಡಿಯಿತು, ತಟ್ಟೆಯಲ್ಲಿ ಒಂದು ಅಗುಳೂ ಬಿಡಲಿಲ್ಲ.

ಭಾವ ಕೈ ತೊಳೆದು ಬಂದು ಅಂಗಡಿಯ ಬಾಗಿಲ ಚಿಲಕವನ್ನು ಎರಡು ಸಲ ಹಾಕಿ ತೆಗೆದು ನೋಡಿದರು.

“ಇದು ಸ್ವಲ್ಪ ಸಡಿಲ ಆಗಿದೆ ಕಣೇ. ನಾಳೆ ಸ್ಕ್ರೂ ತಂದು ಬಿಗಿ ಮಾಡಿಕೊಡ್ತೀನಿ” ಎಂದು ಹೇಳಿ, ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು. ಅವಳು ಆಗಲೇ ಕನ್ನಡಿಯ ಮುಂದೆ ಮಕ್ಕಳ ಬ್ರಷ್ಷು ಹಿಡಿದು ನಿಂತಿದ್ದಳು.